ಹಡಗು ಹೊರಟ ಮೇಲೆ ಕೇಳುವ ಪ್ರಶ್ನೆ: ಐರೋಪ್ಯ ಒಕ್ಕೂಟದ ಸ್ಪೀಕರ್‌ಗಳಿಗೊಂದು ಬಹಿರಂಗ ಪತ್ರ

ಐರೋಪ್ಯ ಒಕ್ಕೂಟದ ಸಂಸತ್ತುಗಳ ಸ್ಪೀಕರ್‌ಗಳ ಸಮ್ಮೇಳನಕ್ಕೆ,

ಮಾನ್ಯರೇ,

2024ರ ಫೆಬ್ರುವರಿ 8ರಂದು ಬ್ರಸೆಲ್ಸ್‌ನಲ್ಲಿ ಒಕ್ಕೂಟದ ಕೌನ್ಸಿಲ್, ಅಂದರೆ ಸದಸ್ಯ ದೇಶಗಳ ಮಂತ್ರಿಗಳ ಕೂಟ, ಒಂದು ತೀರ್ಮಾನಕ್ಕೆ ಮುದ್ರೆ ಒತ್ತಿತು. ಕೆಂಪು ಸಮುದ್ರದಲ್ಲಿ ವ್ಯಾಪಾರಿ ಹಡಗುಗಳನ್ನು ಕಾಯಲು 'ಆಸ್ಪಿಡೆಸ್' ಎಂಬ ನೌಕಾ ಕಾರ್ಯಾಚರಣೆ ನಡೆಸುವುದು ಎಂಬುದು ಆ ತೀರ್ಮಾನ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಗುರಾಣಿಗಳು. ಅದೇ ದಿನ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಿಂದ 'ಹೆಸ್ಸೆನ್' ಎಂಬ ಯುದ್ಧನೌಕೆ ಲಂಗರು ಎತ್ತಿತು. 19ಕ್ಕೆ ಕೌನ್ಸಿಲ್ ಕಾರ್ಯಾಚರಣೆಗೆ ಅಧಿಕೃತ ಚಾಲನೆ ಕೊಟ್ಟಿತು. 23ಕ್ಕೆ ಜರ್ಮನಿಯ ಸಂಸತ್ತು ಬುಂಡೆಸ್ಟಾಗ್ ಮತ ಹಾಕಿ, 700 ಸೈನಿಕರವರೆಗೆ ಕಳಿಸಬಹುದು ಎಂದಿತು. 27ಕ್ಕೆ ಹೆಸ್ಸೆನ್ ಎರಡು ಡ್ರೋನ್ ಹೊಡೆದುರುಳಿಸಿತು. ಮಾರ್ಚ್ 2ಕ್ಕೆ ಇಟಲಿಯ 'ಕಾಯೊ ದುಯಿಲಿಯೊ' ಮತ್ತೊಂದು ಡ್ರೋನ್ ಕೆಡವಿತು. ಆತ್ಮರಕ್ಷಣೆಗಾಗಿ ಎಂದು ಅಲ್ಲಿನ ರಕ್ಷಣಾ ಸಚಿವಾಲಯ ಹೇಳಿತು. ಇಟಲಿಯ ಸಂಸತ್ತು ಈ ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟಿದ್ದು ಮಾರ್ಚ್ 5ಕ್ಕೆ.

ಒಂದೇ ಕಾರ್ಯಾಚರಣೆ, ಒಂದೇ ಸಮುದ್ರ. ಒಂದು ದೇಶದಲ್ಲಿ ಮತ ಮೊದಲು, ಗುಂಡು ಆಮೇಲೆ. ಇನ್ನೊಂದರಲ್ಲಿ ಗುಂಡು ಮೊದಲು, ಮತ ಆಮೇಲೆ. ಎರಡೂ ಆಯಾ ದೇಶದ ಕಾನೂನಿಗೆ ಸರಿಯಾಗಿಯೇ ಇರಬಹುದು. ಆದರೆ ಈ ಎರಡು ಸಂಸತ್ತುಗಳ ರಕ್ಷಣಾ ಸಮಿತಿಗಳು ಆ ನಾಲ್ಕು ವಾರಗಳಲ್ಲಿ ಒಂದರ ಕಡತ ಇನ್ನೊಂದಕ್ಕೆ ತೋರಿಸಲೇಬೇಕು ಎಂಬ ಏರ್ಪಾಡು ಎಲ್ಲೂ ಇರಲಿಲ್ಲ. ಇಂದಿಗೂ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕನ್ನಡದಲ್ಲಿ ಯಾಕೆ ಎಂದು ಕೇಳಬಹುದು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೀಜಕ್ಕೆ ಇಟಲಿ ಮತ್ತು ಜರ್ಮನಿ ದೊಡ್ಡ ಗಿರಾಕಿಗಳು. ಆ ಕಂಟೇನರುಗಳು ಹೋಗುವುದು ಇದೇ ಕೆಂಪು ಸಮುದ್ರ, ಸೂಯೆಜ್ ಕಾಲುವೆಯ ಹಾದಿಯಲ್ಲಿ. ಯೆಮನ್‌ನ ಹೌತಿ ಬಂಡುಕೋರರ ದಾಳಿ 2023ರ ನವೆಂಬರಿನಲ್ಲಿ ಶುರುವಾದ ಮೇಲೆ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹತ್ತು ಹದಿನಾಲ್ಕು ದಿನ ಹೆಚ್ಚು, ಬಾಡಿಗೆಯೂ ಹೆಚ್ಚು. ಜೊತೆಗೆ ಬರ್ಲಿನ್, ಡಬ್ಲಿನ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ನೆಲೆಸಿ, ಅಲ್ಲಿನ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರಿದ್ದಾರೆ. ತಮ್ಮ ಸದಸ್ಯರಿಗೆ ಏನು ಕೇಳಬೇಕು ಎಂಬುದು ಅವರಿಗೂ ಗೊತ್ತಿರಲಿ.

ಮೊದಲು ಕಾನೂನಿನ ತೂತು ಎಲ್ಲಿದೆ ನೋಡೋಣ. ಒಕ್ಕೂಟ ಒಂದು ಸಾಮಾನ್ಯ ಕಾಯ್ದೆ ಮಾಡಲು ಹೊರಟರೆ, ಕರಡು ಎಲ್ಲ ರಾಷ್ಟ್ರೀಯ ಸಂಸತ್ತುಗಳಿಗೂ ತಾನಾಗಿಯೇ ಹೋಗುತ್ತದೆ. ಅವಕ್ಕೆ ಓದಲು ಎಂಟು ವಾರ ಸಿಗುತ್ತದೆ. ಒಕ್ಕೂಟಕ್ಕೆ ಇಂದಿನ ಕಟ್ಟಳೆ ಕೊಟ್ಟ ಲಿಸ್ಬನ್ ಒಪ್ಪಂದದ ಮೊದಲ ಪ್ರೋಟೋಕಾಲ್ ಹೇಳುವುದು ಹಾಗೆ. ವಿದೇಶಾಂಗ ಮತ್ತು ಭದ್ರತಾ ನೀತಿಯಲ್ಲಿ ಮಾತ್ರ 'ಶಾಸನ' ಎಂಬುದೇ ಇಲ್ಲ. ಒಪ್ಪಂದ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಇಲ್ಲಿ ಆಗುವುದೆಲ್ಲ ಕೌನ್ಸಿಲಿನ 'ತೀರ್ಮಾನ'. ಶಾಸನವಲ್ಲದ್ದಕ್ಕೆ ಎಂಟು ವಾರವೂ ಇಲ್ಲ, ತಾನಾಗಿ ಕಳಿಸಬೇಕೆಂಬ ಕಟ್ಟೂ ಇಲ್ಲ. ಹಾಗಾಗಿ ಡಬ್ಬಿಯ ಮೇಲಿನ ಲೇಬಲ್ ಹೇಗಿರಬೇಕೆಂಬ ನಿಯಮದ ಕರಡು ಫಿನ್ಲೆಂಡಿನಿಂದ ಪೋರ್ಚುಗಲ್ಲಿನ ತನಕ ಎಲ್ಲ ಸಮಿತಿಗಳ ಮೇಜಿಗೂ ಸಮಯಕ್ಕೆ ಬರುತ್ತದೆ. ಯುದ್ಧನೌಕೆಗಳ ಆಜ್ಞೆ ಬರುವುದು ಆಯಾ ಸರ್ಕಾರದ ಮರ್ಜಿಯಂತೆ.

ಈ ಮರ್ಜಿ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಸಾಂವಿಧಾನಿಕ ನ್ಯಾಯಾಲಯದ 1994ರ ತೀರ್ಪು ಮತ್ತು 2005ರ ಕಾಯ್ದೆ ಇದೆ. ಸರ್ಕಾರ ತನ್ನ ಪ್ರಸ್ತಾವದಲ್ಲಿ ಕೆಲಸ ಏನು, ಯಾವ ಪ್ರದೇಶದಲ್ಲಿ, ಯಾವ ಕಾನೂನಿನಡಿ, ಗರಿಷ್ಠ ಎಷ್ಟು ಜನ, ಎಷ್ಟು ಕಾಲ, ಎಷ್ಟು ಖರ್ಚು ಎಂಬುದನ್ನೆಲ್ಲ ಬರೆಯಲೇಬೇಕು. ಸಂಸತ್ತು ಹೌದು ಎನ್ನಬಹುದು, ಇಲ್ಲ ಎನ್ನಬಹುದು, ಒಂದಕ್ಷರ ತಿದ್ದುವಂತಿಲ್ಲ. ಫ್ರಾನ್ಸಿನ ಸಂವಿಧಾನದ 35ನೇ ವಿಧಿ ಬೇರೆ ಜಾತಿಯದು: ಪಡೆ ಇಳಿದ ಮೂರು ದಿನದೊಳಗೆ ಸರ್ಕಾರ ತಿಳಿಸಿದರೆ ಸಾಕು, ಅದಕ್ಕೆ ಮತವಿಲ್ಲ, ನಾಲ್ಕು ತಿಂಗಳು ಮೀರಿದರಷ್ಟೇ ಅನುಮತಿ ಬೇಕು. ನೆದರ್ಲೆಂಡ್ಸ್‌ನಲ್ಲಿ ಸಂವಿಧಾನದ 100ನೇ ವಿಧಿಯಡಿ ಸರ್ಕಾರ ಮುಂಚಿತವಾಗಿ ಪತ್ರ ಬರೆಯುತ್ತದೆ. ಅಲ್ಲಿಯವರು ಅದನ್ನು 'ನೂರನೇ ವಿಧಿಯ ಪತ್ರ' ಎಂದೇ ಕರೆಯುತ್ತಾರೆ. ನಮ್ಮ ಕಣ್ಣಿಗೆ ಯುರೋಪಿನಲ್ಲೇ ಅಚ್ಚುಕಟ್ಟಾದ ಕಾಗದ ಅದು. ಐರ್ಲೆಂಡ್ ಬಹುಕಾಲ ಪಾಲಿಸಿಕೊಂಡು ಬಂದದ್ದು ಮೂರು ಬೀಗದ ಪದ್ಧತಿ: 12ಕ್ಕಿಂತ ಹೆಚ್ಚು ಸೈನಿಕರನ್ನು ಕಳಿಸಬೇಕಾದರೆ ವಿಶ್ವಸಂಸ್ಥೆ, ಸರ್ಕಾರ, ಸಂಸತ್ತು ಮೂವರೂ ಒಪ್ಪಬೇಕು.

ಇವನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ಎಂದು ನಾವು ಕೇಳುತ್ತಿಲ್ಲ. ಅದು ಆಗುವ ಮಾತಲ್ಲ, ಆಗಬೇಕಾದ್ದೂ ಅಲ್ಲ. ಕೇಳುತ್ತಿರುವುದು ಬೇರೆ. ಒಬ್ಬರಿಗೆ ಸಿಕ್ಕ ಉತ್ತರ ಇನ್ನೊಬ್ಬರ ಕಡತಕ್ಕೂ ಸೇರಲಿ.

ಅದು ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೂ ಹೆಸ್ಸೆನ್ನೇ ಉದಾಹರಣೆ. ಆ ಎರಡು ಡ್ರೋನ್ ಕೆಡವುವ ಸ್ವಲ್ಪ ಮೊದಲು ಅದು ಮತ್ತೊಂದು ಡ್ರೋನ್‌ಗೆ ಎರಡು ಕ್ಷಿಪಣಿ ಹಾರಿಸಿತ್ತು. ಎರಡೂ ಗುರಿ ತಲುಪಲಿಲ್ಲ. ತಲುಪದಿದ್ದುದೇ ಒಳ್ಳೆಯದಾಯಿತು, ಏಕೆಂದರೆ ಆ ಡ್ರೋನ್ ಅಮೆರಿಕದ್ದಾಗಿತ್ತು. ಕ್ಷಿಪಣಿ ಯಾಕೆ ತಪ್ಪಿತು ಎಂದು ಬರ್ಲಿನ್‌ನ ಸಮಿತಿ ತನ್ನ ಮಂತ್ರಿಯನ್ನು ಕೇಳಬಹುದು. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ, ಅದೇ ನೀರಿನಲ್ಲಿ ಅಮೆರಿಕದ ನೇತೃತ್ವದ ಕಾರ್ಯಾಚರಣೆಯೂ ಇರುವಾಗ ಆಕಾಶದಲ್ಲಿ ಯಾರದು ಯಾವುದು ಎಂಬ ಪಟ್ಟಿ ಯಾರ ಕೈಯಲ್ಲಿದೆ ಎಂಬುದು. ಆಸ್ಪಿಡೆಸ್‌ನ ಮುಖ್ಯ ಕಚೇರಿ ಇರುವುದು ಗ್ರೀಸಿನ ಲಾರಿಸ್ಸಾದಲ್ಲಿ. ಸಮುದ್ರದ ಮೇಲಿನ ಪಡೆಯ ಮೊದಲ ನೇತೃತ್ವ ಇಟಲಿಯದು. ರಾಜಕೀಯ ಹತೋಟಿ ಬ್ರಸೆಲ್ಸ್‌ನಲ್ಲಿ ಕೂರುವ ರಾಯಭಾರಿಗಳ ಸಮಿತಿಯದು. ಬರ್ಲಿನ್ ಕೇಳಿದರೆ 'ಅದು ಲಾರಿಸ್ಸಾಕ್ಕೆ ಸೇರಿದ್ದು', ಅಥೆನ್ಸ್ ಕೇಳಿದರೆ 'ಅದು ಜರ್ಮನ್ ಹಡಗು', ಐರೋಪ್ಯ ಸಂಸತ್ತು ಕೇಳಿದರೆ 'ಅದು ಸದಸ್ಯ ರಾಷ್ಟ್ರಗಳ ವಿಷಯ' ಎನ್ನಲು ಎಲ್ಲರಿಗೂ ಜಾಗವಿದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಹಣದ್ದೂ ಇದೇ ಕಥೆ. ಸೈನಿಕ ಕಾರ್ಯಾಚರಣೆಯ ಖರ್ಚನ್ನು ಒಕ್ಕೂಟದ ಬಜೆಟ್ಟಿಗೆ ಹಾಕಬಾರದು ಎಂದು ಒಪ್ಪಂದದ 41ನೇ ವಿಧಿ ಹೇಳುತ್ತದೆ. ಆಸ್ಪಿಡೆಸ್‌ನ ಮೊದಲ ವರ್ಷದ ಸಾಮಾನ್ಯ ವೆಚ್ಚಕ್ಕೆ ಇಟ್ಟದ್ದು 80 ಲಕ್ಷ ಯೂರೊ. ಎರಡನೇ ಅವಧಿಗೆ 1.7 ಕೋಟಿಗಿಂತ ತುಸು ಹೆಚ್ಚು. ಈ ಮೊತ್ತ ಮುಖ್ಯ ಕಚೇರಿ, ಸಂಪರ್ಕ ವ್ಯವಸ್ಥೆ ಮುಂತಾದವಕ್ಕೆ. ಹಡಗು, ಎಣ್ಣೆ, ಕ್ಷಿಪಣಿ, ಸಂಬಳ ಎಲ್ಲ ಕಳಿಸಿದ ದೇಶದ ತಲೆಗೇ. ಸಾಮಾನ್ಯ ವೆಚ್ಚ ಬರುವುದು ಬಜೆಟ್ಟಿನ ಹೊರಗಿಟ್ಟ 'ಐರೋಪ್ಯ ಶಾಂತಿ ನಿಧಿ'ಯಿಂದ. 2021ರಲ್ಲಿ ಸುಮಾರು 570 ಕೋಟಿ ಯೂರೊ ಮಿತಿಯೊಂದಿಗೆ ಶುರುವಾದ ಆ ನಿಧಿ, ಯುಕ್ರೇನಿಗೆ ಶಸ್ತ್ರ ಕೊಡುವ ಭಾರದಿಂದ, 2024ರ ಮಾರ್ಚ್ ಹೊತ್ತಿಗೆ 1,700 ಕೋಟಿ ದಾಟಿತು. ಪ್ರತಿ ದೇಶವೂ ತನ್ನ ರಾಷ್ಟ್ರೀಯ ಆದಾಯದ ಅನುಪಾತದಲ್ಲಿ ಕೊಡಬೇಕು. 27 ಸಂಸತ್ತುಗಳು ತಮ್ಮ ತಮ್ಮ ಪಾಲಿನ ಒಂದು ಸಾಲು ನೋಡುತ್ತವೆ. ಐರೋಪ್ಯ ಸಂಸತ್ತಿಗೆ ಆ ನಿಧಿಯ ಮೇಲೆ ಬಜೆಟ್ ಅಧಿಕಾರವೇ ಇಲ್ಲ. ಹೋಳುಗಳು ಎಲ್ಲರ ತಟ್ಟೆಯಲ್ಲೂ ಇವೆ. ಇಡೀ ಹಣ್ಣನ್ನು ನೋಡಿದವರು ಯಾರೂ ಇಲ್ಲ.

2025ರ ಮೇ ತಿಂಗಳಲ್ಲಿ ಬಂದ 'ಸೇಫ್' ಯೋಜನೆ ಇನ್ನೂ ದೊಡ್ಡದು: ರಕ್ಷಣಾ ಖರೀದಿಗೆ 15,000 ಕೋಟಿ ಯೂರೊ ಸಾಲ, ತೀರಿಸಲು 45 ವರ್ಷದವರೆಗೆ ಅವಕಾಶ, ಅಸಲಿಗೆ ಮೊದಲ ಹತ್ತು ವರ್ಷ ವಿನಾಯಿತಿ. ತುರ್ತು ಪರಿಸ್ಥಿತಿಯ ವಿಧಿಯಡಿ, ಐರೋಪ್ಯ ಸಂಸತ್ತಿನ ಮತವಿಲ್ಲದೆ ಇದು ಪಾಸಾಯಿತು. ಆ ವಿಧಿ ಬಳಸಿದ್ದು ಸರಿಯಲ್ಲ ಎಂದು ಐರೋಪ್ಯ ಸಂಸತ್ತು ನ್ಯಾಯಾಲಯದ ಮೆಟ್ಟಿಲೇರಿದೆ. ಯಾರು ಗೆದ್ದರೂ ಸಾಲ ತೀರಿಸುವುದು ರಾಷ್ಟ್ರೀಯ ಖಜಾನೆ. ಇಂದು ಶಾಲೆಗೆ ಹೋಗುವ ಮಕ್ಕಳು ನಿವೃತ್ತಿಯ ಹತ್ತಿರ ಬರುವಾಗ ಕೊನೆಯ ಕಂತು.

ಇಷ್ಟನ್ನೂ ಒಟ್ಟಿಗೆ ಕೂತು ನೋಡಲು ತಮ್ಮ ಬಳಿ ಇರುವ ಒಂದೇ ಜಾಗ ವಿದೇಶಾಂಗ ಮತ್ತು ರಕ್ಷಣಾ ನೀತಿಯ ಅಂತರ-ಸಂಸದೀಯ ಸಮ್ಮೇಳನ. 2012ರ ಏಪ್ರಿಲ್‌ನಲ್ಲಿ ವಾರ್ಸಾದಲ್ಲಿ ತಾವೇ ಅದಕ್ಕೆ ರೂಪ ಕೊಟ್ಟಿರಿ. ಅದೇ ಸೆಪ್ಟೆಂಬರಿನಲ್ಲಿ ಸೈಪ್ರಸ್‌ನ ಪಾಫೋಸ್‌ನಲ್ಲಿ ಮೊದಲ ಸಭೆ ಸೇರಿತು. ಪ್ರತಿ ರಾಷ್ಟ್ರೀಯ ಸಂಸತ್ತಿನಿಂದ ಆರು ಜನ (ಎರಡು ಸದನಗಳಿದ್ದರೆ ಆರನ್ನೇ ಹಂಚಿಕೊಳ್ಳಬೇಕು), ಐರೋಪ್ಯ ಸಂಸತ್ತಿನಿಂದ ಹದಿನಾರು. ಒಟ್ಟು 178. ಒಕ್ಕೂಟ ಸೇರಲು ಕಾದಿರುವ ದೇಶಗಳಿಂದ, ನೇಟೊದಲ್ಲಿರುವ ಇತರ ಐರೋಪ್ಯ ದೇಶಗಳಿಂದ ನಾಲ್ಕು ನಾಲ್ಕು ಜನ ವೀಕ್ಷಕರು. ಯಾರಿಗೆ ಎಷ್ಟು ಕುರ್ಚಿ ಎಂಬುದರ ಮೇಲೆ ಆಗ ಒಂದು ವರ್ಷ ಜಗಳವಾಡಿದ್ದು ತಮಗೆ ನೆನಪಿರಬಹುದು. ಕುರ್ಚಿಯಲ್ಲಿ ಕೂತವರ ಕೈಗೆ ಯಾವ ಕಾಗದ ಬರಬೇಕು ಎಂಬುದರ ಮೇಲೆ ಅದರ ಅರ್ಧದಷ್ಟು ಜಗಳವಾಗಿದ್ದರೂ ಈ ಪತ್ರ ಬೇಕಿರಲಿಲ್ಲ.

ಸಭೆ ವರ್ಷಕ್ಕೆ ಎರಡು. ಮುಖ್ಯ ಆಕರ್ಷಣೆ ಒಕ್ಕೂಟದ ವಿದೇಶಾಂಗ ನೀತಿಯ ಹೊಣೆ ಹೊತ್ತ ಉನ್ನತ ಪ್ರತಿನಿಧಿಯ ಜೊತೆಗಿನ ಕಲಾಪ. ಲೆಕ್ಕ ಹಾಕಿ ನೋಡಿ. ಅದಕ್ಕೆ ಒಂದು ಗಂಟೆ ಎಂದಿಟ್ಟುಕೊಳ್ಳೋಣ. ಆರಂಭದ ಭಾಷಣಕ್ಕೆ 20 ನಿಮಿಷ, ಕೊನೆಯ ಉತ್ತರಕ್ಕೆ 15 ನಿಮಿಷ ತೆಗೆದರೆ ಉಳಿದದ್ದು 25. ತಲೆಗೊಂದು ನಿಮಿಷ ಕೊಟ್ಟರೂ 178ರಲ್ಲಿ 25 ಜನ. ಅವರಲ್ಲಿ ಕೆಲವರು ಯುಕ್ರೇನ್ ಬಗ್ಗೆ, ಕೆಲವರು ಗಾಜಾ, ಕೆಲವರು ಆಫ್ರಿಕಾದ ಸಾಹೆಲ್, ಒಬ್ಬರು ತಮ್ಮ ಊರಿನ ಹಡಗುಕಟ್ಟೆಯ ಬಗ್ಗೆ ಕೇಳುತ್ತಾರೆ. ಎಲ್ಲ ಪ್ರಶ್ನೆಗಳಿಗೂ ಸೇರಿಸಿ ಒಂದೇ ಉತ್ತರ. ಉತ್ತರಿಸುವವರು ಸುಲಭದ ಹತ್ತನ್ನು ಆರಿಸಿಕೊಂಡರೆ ತಪ್ಪಿಸಿಕೊಂಡರು ಎನ್ನಲೂ ಆಗುವುದಿಲ್ಲ. ಸಮಯ ಅಷ್ಟೇ ಇತ್ತು. ಪ್ರಶ್ನೋತ್ತರ ಅವಧಿ ಎಂದು ಹೆಸರಿಟ್ಟು ಶೂನ್ಯವೇಳೆ ನಡೆಸಿದಂತೆ ಇದು.

ಉಳಿದ ಹೊತ್ತಿನಲ್ಲಿ ಸಮಾರೋಪದ ನಿರ್ಣಯದ ವಾಕ್ಯ ತಿದ್ದುವ ಕೆಲಸವೂ ಇರುತ್ತದೆ. ಅದಕ್ಕೆ ಸರ್ವಸಮ್ಮತಿ ಬೇಕು, ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಒಂದು ನಿಯೋಗ ಬೇಡವೆಂದರೆ ಬಿತ್ತು. ಇತ್ತೀಚಿನ ಹಲವು ಸಭೆಗಳು ನಿರ್ಣಯದ ಬದಲು ಸಹ-ಅಧ್ಯಕ್ಷರ ಹೇಳಿಕೆಯಲ್ಲಿ ಮುಗಿದಿವೆ. ನಮಗೆ ಅದರಲ್ಲಿ ದೊಡ್ಡ ನಷ್ಟವೇನೂ ಕಾಣುವುದಿಲ್ಲ. ಆರು ತಿಂಗಳಿಗೊಮ್ಮೆ ಒಕ್ಕೂಟದ ಅಧ್ಯಕ್ಷತೆ ಒಂದು ದೇಶದಿಂದ ಇನ್ನೊಂದಕ್ಕೆ ಬದಲಾದಾಗ ಕಚೇರಿಯೂ ಬದಲಾಗುತ್ತದಲ್ಲ, ನಷ್ಟ ಅಲ್ಲಿದೆ. ಸಮ್ಮೇಳನಕ್ಕೆ ಕಾಯಂ ಕಾರ್ಯಾಲಯವಿಲ್ಲ. ಸರದಿಯಲ್ಲಿ ಬಂದ ಸಂಸತ್ತಿನ ನೌಕರರು ಹಿಂದಿನವರಿಂದ ಕಡತ ಪಡೆದು, ಕೆಲಸ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮುಂದಿನವರಿಗೆ ಕೊಡುವ ಹೊತ್ತಾಗಿರುತ್ತದೆ. ಕಳೆದ ಸಭೆಯಲ್ಲಿ ಕೇಳಿ ಉತ್ತರ ಸಿಗದ ಪ್ರಶ್ನೆ ಯಾವುದು ಎಂದು ನೆನಪಿಡುವುದು ಯಾರ ಕೆಲಸವೂ ಅಲ್ಲ.

ಹಿಂದೆ ಹೀಗಿರಲಿಲ್ಲ. 1954ರ ತಿದ್ದಿದ ಬ್ರಸೆಲ್ಸ್ ಒಪ್ಪಂದದ 9ನೇ ವಿಧಿಯ ಪ್ರಕಾರ ಪಶ್ಚಿಮ ಐರೋಪ್ಯ ಒಕ್ಕೂಟದ (ಇದು ಬೇರೆಯದೇ ಆದ ರಕ್ಷಣಾ ಕೂಟ) ಮಂತ್ರಿ ಮಂಡಳಿ ಪ್ರತಿ ವರ್ಷ ತನ್ನ ಕೆಲಸದ ವರದಿಯನ್ನು ರಾಷ್ಟ್ರೀಯ ಸಂಸದರ ಸಭೆಗೆ ಒಪ್ಪಿಸಬೇಕಿತ್ತು. ಪ್ಯಾರಿಸ್ಸಿನಲ್ಲಿದ್ದ ಆ ಸಭೆಗೆ ತನ್ನದೇ ಸಮಿತಿಗಳು, ವರದಿಗಾರ ಸದಸ್ಯರು, ಕಾಯಂ ಸಿಬ್ಬಂದಿ ಇದ್ದರು. ಅದರ ಶಿಫಾರಸುಗಳಿಗೆ ಮಂಡಳಿ ಬರಹದಲ್ಲಿ ಉತ್ತರಿಸುತ್ತಿತ್ತು. ಉತ್ತರಗಳು ಎಷ್ಟೋ ಸಲ ಒಣಗಿದ ರೊಟ್ಟಿಯಂತಿರುತ್ತಿದ್ದವು, ನಿಜ. ಆದರೆ ಬರಹದಲ್ಲಿದ್ದವು, ತಾರೀಖಿತ್ತು. 2010ರಲ್ಲಿ ಒಪ್ಪಂದ ಕೊನೆಗೊಳಿಸುವ ಘೋಷಣೆಯಾಗಿ, 2011ರ ಮಧ್ಯಕ್ಕೆ ಎಲ್ಲಕ್ಕೂ ಬೀಗ ಬಿತ್ತು. ಸಭೆಯ ಜಾಗಕ್ಕೆ ಸಮ್ಮೇಳನ ಬಂತು. ಬರಹದ ಉತ್ತರದ ಜಾಗಕ್ಕೆ ಏನೂ ಬರಲಿಲ್ಲ.

ಈಗ ಮಾಡಬಹುದಾದ್ದು ಏನು? ಒಪ್ಪಂದ ತಿದ್ದಬೇಕಾಗಿಲ್ಲ. ಮೊದಲ ಪ್ರೋಟೋಕಾಲಿನ 9ನೇ ವಿಧಿ, ಸಹಕಾರವನ್ನು ಹೇಗೆ ಏರ್ಪಡಿಸಬೇಕೆಂದು ಸಂಸತ್ತುಗಳೇ ನಿರ್ಧರಿಸಲಿ ಎಂದು ಬಿಟ್ಟುಕೊಟ್ಟಿದೆ.

ಮೊದಲನೆಯದು ಲಿಖಿತ ಪ್ರಶ್ನೆ. ಮಾದರಿ ತಮ್ಮ ಮನೆಯಲ್ಲೇ ಇದೆ. ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮೇಲೆ ಕಣ್ಣಿಡಲು 2017ರಿಂದ ಜಂಟಿ ಸಂಸದೀಯ ಗುಂಪೊಂದಿದೆ. ಅದರ ಸದಸ್ಯರು ಬರಹದಲ್ಲಿ ಪ್ರಶ್ನೆ ಕೇಳಬಹುದು. ಅದಕ್ಕೆ ಯಾವ ಯಾವ ದಾಖಲೆ ಕಳಿಸಬೇಕು ಎಂಬುದು ಕಾಯ್ದೆಯಲ್ಲೇ ಇದೆ. ಒಂದು ವ್ಯತ್ಯಾಸವನ್ನು ಮುಚ್ಚಿಡುವುದಿಲ್ಲ: ಆ ಗುಂಪಿನ ಬೆನ್ನಿಗೆ ಕಾಯ್ದೆಯ 51ನೇ ವಿಧಿ ಇದೆ, ಈ ಸಮ್ಮೇಳನಕ್ಕೆ ಅಂಥದ್ದಿಲ್ಲ. ಆದ್ದರಿಂದ ಸಮ್ಮೇಳನದ ನಿಯಮಾವಳಿಗೆ ಒಂದು ಕಲಂ ಸೇರಿಸುವುದರ ಜೊತೆಗೆ ಉನ್ನತ ಪ್ರತಿನಿಧಿಯೊಂದಿಗೆ ಪತ್ರ ವಿನಿಮಯದ ಮೂಲಕ ಒಂದು ಒಪ್ಪಂದ ಬೇಕು. ನಮ್ಮ ಲೆಕ್ಕಕ್ಕೆ, ಪ್ರತಿ ನಿಯೋಗಕ್ಕೆ ಸಭೆಯೊಂದಕ್ಕೆ ಎರಡು ಪ್ರಶ್ನೆ, ನಾಲ್ಕು ವಾರ ಮುಂಚೆ. ಉತ್ತರ ಸಭೆಗೆ ಐದು ದಿನ ಮುಂಚೆ. ಐರೋಪ್ಯ ಸಂಸತ್ತಿನ ನಿಯೋಗವೂ ಸೇರಿ 56 ಪ್ರಶ್ನೆ. ಒಂದೇ ವಿಷಯದ್ದನ್ನು ಕೂಡಿಸಿದರೆ ಇನ್ನೂ ಕಡಿಮೆ. ಇದನ್ನು ಹೊರಲಾರದ ಕಚೇರಿ ಅದಲ್ಲ. ಆಗ ಸಭೆಯ 25 ನಿಮಿಷ ಪೂರಕ ಪ್ರಶ್ನೆಗೆ ಸಿಗುತ್ತದೆ. ಭಾರತದ ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ 15 ದಿನಗಳ ನೋಟಿಸ್ ಬೇಕು, ಸ್ಥಾಯಿ ಸಮಿತಿಯ ಶಿಫಾರಸಿಗೆ ಸರ್ಕಾರ ಮೂರು ತಿಂಗಳಲ್ಲಿ ಏನು ಕ್ರಮ ಕೈಗೊಂಡೆವೆಂದು ಹೇಳಬೇಕು. ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಪಡೆ ಕಳಿಸಲು ಇಲ್ಲಿ ಸಂಸತ್ತಿನ ಮತವೇ ಬೇಕಿಲ್ಲ. ಆದರೂ ತಾರೀಖು ಕಟ್ಟಿದ ಪ್ರಶ್ನೆಗೆ ಅಧಿಕಾರಿಗಳು ಕಡತ ಬಿಚ್ಚುತ್ತಾರೆ ಎಂಬುದು ಎಲ್ಲ ಊರಿನಲ್ಲೂ ಒಂದೇ.

ಎರಡನೆಯದು ಒಂದು ಕೋಷ್ಟಕ. ಸಂಸತ್ತುಗಳು ಕಾಗದ ಹಂಚಿಕೊಳ್ಳಲು 'ಐಪೆಕ್ಸ್' ಎಂಬ ತಾಣ ಆಗಲೇ ಇದೆ. ಅದರಲ್ಲಿ ಪ್ರತಿ ಕಾರ್ಯಾಚರಣೆಗೆ ಒಂದು ಪುಟ ಸಾಕು. ಕೌನ್ಸಿಲಿನ ತೀರ್ಮಾನದ ದಿನ, ಅವಧಿ ಮುಗಿಯುವ ದಿನ, ಸಾಮಾನ್ಯ ವೆಚ್ಚ. ಕೆಳಗೆ ದೇಶವಾರು: ಮತ ಬೇಕೇ, ಯಾವಾಗ ಆಯಿತು, ಎಷ್ಟು ಜನ, ಎಷ್ಟು ಸ್ವಂತ ಖರ್ಚು, ಯಾವ ಷರತ್ತು. ಇದರಲ್ಲಿ ಗುಟ್ಟಿನದು ಏನೂ ಇಲ್ಲ. ಬುಂಡೆಸ್ಟಾಗ್‌ನ ಮುದ್ರಿತ ಪ್ರಸ್ತಾವ ಯಾರು ಬೇಕಾದರೂ ಓದಬಹುದು, ಜರ್ಮನ್ ಬಂದರೆ. ತೊಡಕು ಅಲ್ಲೇ ಇದೆ. ಭಾಷಾಂತರಕ್ಕೆ ಹಣವಿಲ್ಲ ಎಂಬ ಮಾತು ಬರುತ್ತದೆ. ಇಡೀ ದಾಖಲೆ ಬೇಡ. ಕೋಷ್ಟಕದ ಎಂಟು ಮನೆಗಳನ್ನು ಆಯಾ ಸಂಸತ್ತಿನ ಗುಮಾಸ್ತರೇ ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ತುಂಬಬಹುದು. ಅರ್ಧ ಗಂಟೆಯ ಕೆಲಸ. ತುಂಬದಿದ್ದರೆ ಮನೆ ಖಾಲಿ ಕಾಣಲಿ. ಖಾಲಿ ಮನೆಗೆ ನಾಚಿಕೆ ಹುಟ್ಟಿಸುವ ಶಕ್ತಿ ಇರುತ್ತದೆ.

ಗುಪ್ತ ದಾಖಲೆಗಳ ಗೊಡವೆಗೆ ಈಗಲೇ ಹೋಗಬೇಡಿ ಎಂಬುದು ನಮ್ಮ ಸಲಹೆ. 2002ರ ಒಪ್ಪಂದದಂತೆ ಐರೋಪ್ಯ ಸಂಸತ್ತಿನಲ್ಲೇ ಬೆರಳೆಣಿಕೆಯ ಸದಸ್ಯರಿಗಷ್ಟೇ ಅವನ್ನು ನೋಡುವ ಅವಕಾಶ. 178 ಜನರಿಗೆ ತೋರಿಸಿ ಎಂದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ, ಮಿಕ್ಕ ಬೇಡಿಕೆಗಳೂ ಅದರ ಜೊತೆ ಮುಳುಗುತ್ತವೆ. ಯಾವ ದಾಖಲೆ ಇದೆ, ಯಾವ ತಾರೀಖಿನದು ಎಂಬ ಪಟ್ಟಿ ಕೇಳಿ. ಯಾವುದನ್ನು ಕೇಳಬೇಕೆಂದು ಗೊತ್ತಾದರೆ ಪ್ರತಿ ಸಮಿತಿಯೂ ತನ್ನ ಮಂತ್ರಿಯಿಂದ, ತನ್ನ ನಿಯಮದಂತೆ, ಬಾಗಿಲು ಮುಚ್ಚಿ ಕೇಳಿಕೊಳ್ಳುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕು, ಒಬ್ಬರೇ ಸಾಕು. ಐರೋಪ್ಯ ವ್ಯವಹಾರ ಸಮಿತಿಗಳ ಸಮ್ಮೇಳನ 'ಕೊಸಾಕ್'ನ ಕಾರ್ಯಾಲಯಕ್ಕೆ ಬ್ರಸೆಲ್ಸ್‌ನಲ್ಲಿ ಒಬ್ಬ ಕಾಯಂ ಸದಸ್ಯರಿದ್ದಾರೆ. ಎರಡು ವರ್ಷದ ಅವಧಿ, ಖರ್ಚು ಸಂಸತ್ತುಗಳು ಹಂಚಿಕೊಳ್ಳುತ್ತವೆ. ಅದೇ ಮಾದರಿ ಇಲ್ಲಿಗೂ ಸಾಕು. ಐರೋಪ್ಯ ಸಂಸತ್ತು ತನ್ನ ಸಿಬ್ಬಂದಿ ಕೊಡುತ್ತೇವೆ ಎನ್ನಬಹುದು, ಸದುದ್ದೇಶವೇ ಇರಬಹುದು. ಆದರೆ ಅದರ ರಕ್ಷಣಾ ಉಪಸಮಿತಿ 2025ರ ಜನವರಿಯಲ್ಲಿ ಪೂರ್ಣ ಸಮಿತಿಯಾಗಿದೆ, ಅದಕ್ಕೆ ತನ್ನದೇ ಹಸಿವು ಇದೆ. ಕಡತ ಅವರ ಕಪಾಟಿನಲ್ಲಿ ಸೇರಿದರೆ ಸಣ್ಣ ಸಂಸತ್ತುಗಳು ಮತ್ತೆ ಹಿಂದಿನ ಬೆಂಚಿಗೆ ಹೋಗುತ್ತವೆ. ನಿಯೋಗಗಳಿಗೂ ಒಂದು ಮಾತು: ಆರು ಜನರಲ್ಲಿ ಇಬ್ಬರಾದರೂ ಎರಡು ವರ್ಷ ಬದಲಾಗದಿರಲಿ. ಪ್ರತಿ ಸಲ ಹೊಸ ಮುಖ ಬಂದರೆ ಹಳೆಯ ಉತ್ತರಕ್ಕೆ ಪೂರಕ ಪ್ರಶ್ನೆ ಕೇಳುವವರಿರುವುದಿಲ್ಲ.

ಸರ್ವಸಮ್ಮತಿ ಬೇಕಾದ್ದರಿಂದ ಯಾರೋ ಒಬ್ಬರು ತಡೆಯುತ್ತಾರೆ ಎಂಬ ಆತಂಕ ನಿಜ. ಹಾಗಾದರೆ ನಿಯಮಾವಳಿ ಮುಟ್ಟದೆ, ಒಪ್ಪಿದ ಸಂಸತ್ತುಗಳಷ್ಟೇ ಸೇರಿ ಒಂದು ಕಾರ್ಯಾಚರಣೆಯ ಮೇಲೆ ಪ್ರಯೋಗ ಮಾಡಲಿ. ಆಸ್ಪಿಡೆಸ್ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಮೊದಲ ಎರಡು ಅವಧಿಗಳೂ ಮುಗಿದದ್ದು ಫೆಬ್ರುವರಿಯಲ್ಲೇ. ಅಲ್ಲಿಂದ ಹಿಂದಕ್ಕೆ ಎಣಿಸಿ: ನವೆಂಬರ್ ಮೊದಲ ವಾರ ಹಡಗು ಕಳಿಸಿದ ದೇಶಗಳ ಸಮಿತಿಗಳು ಒಂದೇ ಪ್ರಶ್ನಾವಳಿಯನ್ನು ತಮ್ಮ ತಮ್ಮ ಮಂತ್ರಿಗೂ, ಅದರ ಪ್ರತಿಯನ್ನು ಉನ್ನತ ಪ್ರತಿನಿಧಿಗೂ ಕೊಡಲಿ. ಡಿಸೆಂಬರ್ ಮಧ್ಯಕ್ಕೆ ಉತ್ತರ ಬರಲಿ. ಕ್ರಿಸ್‌ಮಸ್ ರಜೆ ಕಳೆದು ಜನವರಿ ಎರಡನೇ ವಾರ ಕೋಷ್ಟಕ ತುಂಬಲಿ, ಉತ್ತರಗಳಲ್ಲಿ ಎಲ್ಲಿ ತಾಳೆಯಿಲ್ಲ ಎಂಬುದನ್ನು ಇಬ್ಬರು ವರದಿಗಾರರು, ರಾಷ್ಟ್ರೀಯ ಸಂಸತ್ತಿನಿಂದ ಒಬ್ಬರು, ಐರೋಪ್ಯ ಸಂಸತ್ತಿನಿಂದ ಒಬ್ಬರು, ಎರಡು ಪುಟದಲ್ಲಿ ಬರೆಯಲಿ. ಆ ಎರಡು ಪುಟ ಮತ ಹಾಕುವವರ ಮೇಜಿಗೆ ಜನವರಿ ಮುಗಿಯುವುದರೊಳಗೆ ಬರಬೇಕು.

ಸ್ಪೀಕರ್‌ಗಳಾದ ತಮ್ಮ ಸಮ್ಮೇಳನ ಸೇರುವುದು ವರ್ಷಕ್ಕೊಮ್ಮೆ, ವಸಂತದಲ್ಲಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಪ್ರಯೋಗವನ್ನು ಸೇರಿಸಿ, ಅದಕ್ಕೊಬ್ಬರನ್ನು ಹೆಸರಿಸಿದರೆ, ಅದೇ ನವೆಂಬರಿನಲ್ಲಿ ಮೊದಲ ಪ್ರಶ್ನಾವಳಿ ಹೊರಡಬಹುದು.

ವಂದನೆಗಳೊಂದಿಗೆ,

ಸಂಸದೀಯ ಕಾರ್ಯವಿಧಾನವನ್ನು ಗಮನಿಸುವ ಕೆಲವು ಕನ್ನಡಿಗರು